ಗಾಯಗೊಂಡ ಹದ್ದು, ಗರುಡ, ಗೂಬೆಗಳ ಆರೈಕೆ: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯಿಂದ ಫೋನಿನಲ್ಲಿ, ಪತ್ರಗಳಲ್ಲಿ, ಶಾಲೆ ಮತ್ತು ಯುವಕ ಮಂಡಲಗಳ ಮಾತುಕತೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದೆ. ಈ ಹೊತ್ತಿಗೆ ಗಾಯಗೊಂಡ ಹಕ್ಕಿ ಕಣ್ಣೆದುರಿಗೇ ಇದ್ದರೆ ಮೊದಲ ಭಾಗವನ್ನಷ್ಟೇ ಓದಿ. ಉಳಿದದ್ದನ್ನು ಹಕ್ಕಿ ಸರಿಯಾದ ಕೈ ಸೇರಿದ ಮೇಲೆ ಓದಬಹುದು.

## ಹಕ್ಕಿ ಸಿಕ್ಕಿದ ಹೊತ್ತಿನಲ್ಲಿ

ತೋಟದಲ್ಲಿ ಒಂದು ಹದ್ದು ಕೂತಿದೆ, ಹತ್ತಿರ ಹೋದರೂ ಹಾರುವುದಿಲ್ಲ. ಅದಕ್ಕೆ ನಿಜವಾಗಿ ಪೆಟ್ಟಾಗಿದೆಯಾ?

ಹೆಚ್ಚಿನಂಶ ಆಗಿರುತ್ತದೆ. ಆರೋಗ್ಯವಾಗಿರುವ ಬೇಟೆ ಹಕ್ಕಿ ಮನುಷ್ಯರನ್ನು ಹತ್ತು ಹೆಜ್ಜೆ ಹತ್ತಿರ ಬರಲು ಬಿಡುವುದಿಲ್ಲ. ಒಂದು ರೆಕ್ಕೆ ಜೋತುಬಿದ್ದಿರುವುದು, ತಲೆ ಒಂದು ಬದಿಗೆ ವಾಲಿರುವುದು, ಕಣ್ಣು ಅರೆಮುಚ್ಚಿರುವುದು, ಗರಿ ಉಬ್ಬಿಸಿಕೊಂಡು ನೆಲದಲ್ಲೇ ಕೂತಿರುವುದು, ಸುತ್ತ ಕಾಗೆಗಳು ಗುಂಪು ಕಟ್ಟಿ ಕುಕ್ಕುತ್ತಿದ್ದರೂ ಎದ್ದು ಹೋಗದಿರುವುದು ಇವೆಲ್ಲ ಸಹಾಯ ಬೇಕೆಂಬುದರ ಗುರುತುಗಳು. ಆದರೆ ಜಡಿಮಳೆ ನಿಂತ ಮೇಲೆ ತೊಯ್ದ ರೆಕ್ಕೆಗಳನ್ನು ಅಗಲವಾಗಿ ಹರಡಿ ಬಿಸಿಲಿಗೆ ಒಡ್ಡಿಕೊಂಡಿರುವ ಹದ್ದನ್ನು ಕಂಡು ಗಾಬರಿಯಾಗಬೇಕಿಲ್ಲ. ಅರ್ಧ ಗಂಟೆ ದೂರದಿಂದ ನೋಡಿ, ನಾಯಿ ಬೆಕ್ಕುಗಳನ್ನು ಮಾತ್ರ ಆಚೆಗಿಡಿ.

ಹಿಡಿಯುವುದು ಹೇಗೆ? ಕುಕ್ಕಿ ಕಣ್ಣು ತೆಗೆಯುವುದಿಲ್ಲವಾ?

ಎಲ್ಲರಿಗೂ ಕೊಕ್ಕಿನ ಹೆದರಿಕೆ; ಹೆದರಬೇಕಾದದ್ದು ಕಾಲಿಗೆ. ಬೇಟೆ ಹಕ್ಕಿ ಕೊಲ್ಲುವುದು ಉಗುರುಗಳಿಂದ, ಕೊಕ್ಕು ಇರುವುದು ಹರಿದು ತಿನ್ನಲಿಕ್ಕೆ. ಹಳೆಯ ಪಂಚೆಯನ್ನೋ ಬೆಡ್‌ಶೀಟನ್ನೋ ಹಿಂದಿನಿಂದ ಅದರ ಮೇಲೆ ತಲೆಸಮೇತ ಮುಚ್ಚುವಂತೆ ಹಾಕಬೇಕು. ಕತ್ತಲಾದ ಕೂಡಲೇ ಹಕ್ಕಿಯ ಗಲಾಟೆ ಅರ್ಧಕ್ಕರ್ಧ ಇಳಿಯುತ್ತದೆ. ಆಗ ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿಕೊಂಡಂತೆ ಬಟ್ಟೆಯ ಮೇಲಿನಿಂದ ಹಿಡಿದು, ಎರಡು ಕಾಲುಗಳನ್ನೂ ತೊಡೆಯ ಹತ್ತಿರ ಭದ್ರಪಡಿಸಿ ಎತ್ತಬೇಕು. ಎದೆಯನ್ನು ಮಾತ್ರ ಬಿಗಿಯಾಗಿ ಒತ್ತಬಾರದು. ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟ ನಡೆಸುವ ವಪೆ ಎಂಬ ಸ್ನಾಯು ಹಕ್ಕಿಗೆ ನಮ್ಮಂತೆ ಇಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಉಸಿರು. ಅದನ್ನು ಅದುಮಿದರೆ ಕೈಯಲ್ಲೇ ಸಾಯುತ್ತದೆ. ಒಂದು ವೇಳೆ ಉಗುರು ಕೈಗೆ ಕಚ್ಚಿಕೊಂಡರೆ ಎಳೆಯಬೇಡಿ, ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಅದರ ಕಾಲನ್ನು ನೇರವಾಗಿ ಚಾಚಿಸಿದರೆ ಬೆರಳುಗಳು ಸಡಿಲವಾಗುತ್ತವೆ.

ಹಿಡಿದ ಮೇಲೆ ಗಾಳಿ ಆಡುವ ತೂತುಗಳಿರುವ ರಟ್ಟಿನ ಪೆಟ್ಟಿಗೆಗೆ ಹಾಕಿ, ತಳಕ್ಕೆ ಹತ್ತಿಬಟ್ಟೆ ಹಾಸಿ, ಮುಚ್ಚಳ ಭದ್ರಪಡಿಸಿ, ಸದ್ದಿಲ್ಲದ ಜಾಗದಲ್ಲಿಡಿ. ಬೈರಾಸು (ಟವೆಲ್) ಹಾಸಬೇಡಿ, ಅದರ ನೂಲಿನ ಕುಣಿಕೆಗಳಿಗೆ ಉಗುರು ಸಿಕ್ಕಿಹಾಕಿಕೊಳ್ಳುತ್ತದೆ. ಕೋಳಿಯ ಕಬ್ಬಿಣದ ಜಾಲರಿ ಗೂಡಂತೂ ಬೇಡವೇ ಬೇಡ: ಗಾಬರಿಯಲ್ಲಿ ಬಡಿದುಕೊಂಡು ಬಾಲದ, ರೆಕ್ಕೆಯ ಗರಿಗಳೆಲ್ಲ ಒಂದೇ ರಾತ್ರಿಯಲ್ಲಿ ಮುರಿದುಹೋಗುತ್ತವೆ. ಮಕ್ಕಳಿಗೆ ತೋರಿಸಲಿಕ್ಕೆಂದು, ಫೋಟೋ ತೆಗೆಯಲಿಕ್ಕೆಂದು ಗಳಿಗೆಗೊಮ್ಮೆ ಮುಚ್ಚಳ ತೆರೆಯುವುದರಿಂದ ಆಗುವ ಹಾನಿ ಗಾಯದಿಂದಾಗುವ ಹಾನಿಗಿಂತ ಕಡಿಮೆಯದಲ್ಲ.

ಅದಕ್ಕೆ ಎಂತ ತಿನ್ನಲಿಕ್ಕೆ ಕೊಡಬೇಕು? ಸ್ವಲ್ಪ ನೀರಾದರೂ ಬಾಯಿಗೆ ಬಿಡಬಹುದಾ?

ಏನನ್ನೂ ಕೊಡಬೇಡಿ, ನೀರನ್ನೂ ಬಿಡಬೇಡಿ. ನಮ್ಮ ಊರಿನಲ್ಲಿ ಮನೆಗೆ ಬಂದವರಿಗೆ ಏನೂ ಕೊಡದೆ ಕಳಿಸುವುದು ಕಷ್ಟವೇ ಸರಿ, ಆದರೆ ಈ ಅತಿಥಿಗೆ ಉಪಚಾರ ಬೇಡ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ತೆರೆದಿರುವುದರಿಂದ ಕೊಕ್ಕು ತೆರೆದು ಸುರಿದ ನೀರು ನೇರವಾಗಿ ಪುಪ್ಪುಸಕ್ಕೆ ಹೋಗುವ ಸಂಭವ ಹೆಚ್ಚು. ಹಾಲು, ಅನ್ನ, ಬ್ರೆಡ್ಡು ಇವು ಮಾಂಸಾಹಾರಿ ಹಕ್ಕಿಗೆ ಜೀರ್ಣವಾಗುವ ವಸ್ತುಗಳೇ ಅಲ್ಲ. ದಿನಗಟ್ಟಲೆ ಉಪವಾಸವಿದ್ದು ಎದೆಯೆಲುಬು ಕತ್ತಿಯಂತೆ ಕೈಗೆ ಸಿಗುವಷ್ಟು ಸೊರಗಿದ ಹಕ್ಕಿಗೆ ಒಮ್ಮೆಲೇ ಮಾಂಸ ತಿನ್ನಿಸಿದರೆ ರಕ್ತದಲ್ಲಿನ ಲವಣಗಳ ಸಮತೋಲ ಕೆಟ್ಟು ಅದು ಸಾಯಲೂಬಹುದು. ಅದಕ್ಕೆ ಮೊದಲು ಬೇಕಾದದ್ದು ಬೆಚ್ಚಗಿನ ಜಾಗ, ಆಮೇಲೆ ಚರ್ಮದಡಿಗೆ ಅಥವಾ ಕೊಳವೆಯಿಂದ ಹೊಟ್ಟೆಗೆ ಕೊಡುವ ದ್ರವ, ಆಹಾರ ಕೊನೆಗೆ. ಈ ಕ್ರಮವನ್ನು ಪಶುವೈದ್ಯರು ನೋಡಿಕೊಳ್ಳುತ್ತಾರೆ.

ಯಾರಿಗೆ ಹೇಳಬೇಕು? ನಾವೇ ಸಾಕಿ ಬಿಟ್ಟರೆ ತಪ್ಪಾ?

ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ನಿಮ್ಮ ವಲಯ ಅರಣ್ಯ ಕಚೇರಿಗೆ ತಿಳಿಸಿ. ಮಂಗಳೂರಿನ ಆಸುಪಾಸಿನವರಿಗೆ ವಾಮಂಜೂರಿನ ಹತ್ತಿರದ ಪಿಲಿಕುಳ ಜೈವಿಕ ಉದ್ಯಾನವನ ಗೊತ್ತೇ ಇದೆ. ರಕ್ಷಿಸಿದ ವನ್ಯಜೀವಿಗಳು ಇಲಾಖೆಯ ಮೂಲಕ ಅಲ್ಲಿಗೆ ಹೋಗುವುದುಂಟು. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದಾಗ ಬೆಂಗಳೂರಿನ ಕೆಂಗೇರಿಯಲ್ಲಿರುವ ಪೀಪಲ್ ಫಾರ್ ಆನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಂಥ ಕಡೆಗಳ ನೆರವು ಕೇಳಬೇಕಾಗುತ್ತದೆ.

ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೀಗೆ ಕೈಗೆ ಬಂದ ವನ್ಯಜೀವಿಯ ವಿಷಯವನ್ನು 48 ಗಂಟೆಗಳ ಒಳಗೆ ಹತ್ತಿರದ ಪೊಲೀಸ್ ಠಾಣೆಗಾಗಲಿ ಅಧಿಕಾರಿಗಾಗಲಿ ತಿಳಿಸಬೇಕು. ಪೆಟ್ಟಿಗೆಯಲ್ಲಿಟ್ಟು ಅಂದೇ ಒಪ್ಪಿಸಿದವರಿಗೆ ಕಾನೂನಿನ ಹೆದರಿಕೆ ಬೇಡ. ಒಪ್ಪಿಸುವಾಗ ಹಕ್ಕಿ ಸಿಕ್ಕಿದ ಜಾಗ, ಹೊತ್ತು, ಹತ್ತಿರದಲ್ಲಿ ವಿದ್ಯುತ್ ತಂತಿಯೋ ಹೆದ್ದಾರಿಯೋ ಇತ್ತೇ ಎಂಬುದನ್ನು ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿ. ಚಿಕಿತ್ಸೆಗೂ ಮುಂದೆ ಎಲ್ಲಿ ಬಿಡಬೇಕೆಂಬ ತೀರ್ಮಾನಕ್ಕೂ ಆ ಎರಡು ಸಾಲು ಬೇಕಾಗುತ್ತದೆ.

ಇದು ಗರುಡವೋ ಬರೀ ಹದ್ದೋ ಗೊತ್ತಾಗುವುದು ಹೇಗೆ?

ಬೆಳೆದ ಗರುಡಕ್ಕೆ ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಕೆಂಪಿನ ಮೈ; ಅದರಲ್ಲಿ ಗೊಂದಲವಿಲ್ಲ. ಗೊಂದಲವಾಗುವುದು ಮರಿ ಗರುಡದಲ್ಲಿ, ಏಕೆಂದರೆ ಅದೂ ಕರಿಹದ್ದಿನ ಹಾಗೆ ಕಂದು ಬಣ್ಣದ್ದು. ಬಾಲ ನೋಡಿ: ಕರಿಹದ್ದಿನ ಬಾಲದ ತುದಿ ಕವಲೊಡೆದಿರುತ್ತದೆ, ಗರುಡದ್ದು ದುಂಡಗೆ. ಎರಡು ಮೀಟರಿನಷ್ಟು ರೆಕ್ಕೆಯ ಅಗಲವಿರುವ, ಬೂದು ಬೆನ್ನಿನ, ಹೊಟ್ಟೆ ಬಿಳಿಯಾದ ಹಕ್ಕಿಯಾದರೆ ಅದು ಕಡಲ ಹದ್ದು. ಅದನ್ನು ಅನುಭವವಿಲ್ಲದವರು ಹಿಡಿಯಲಿಕ್ಕೆ ಹೋಗಬಾರದು.

ಗೂಬೆ ಮನೆಯೊಳಗೆ ಬಂದು ಕೂತಿದೆ. ಅಪಶಕುನ ಅಂತ ಅತ್ತೆಯವರು ಹೇಳುತ್ತಾರೆ, ಓಡಿಸುವುದಾ?

ಬ್ರಹ್ಮಕಲಶದ ದಿನ ಆಕಾಶದಲ್ಲಿ ಗರುಡ ಸುತ್ತು ಹಾಕಿದರೆ ಕೈಮುಗಿಯುವ ಜನ ನಾವು, ಅದೇ ಕೈಯಲ್ಲಿ ಗೂಬೆಗೆ ಕೋಲು ಎತ್ತುತ್ತೇವೆ. ಹಳೆಯ ಹಂಚಿನ ಮನೆಗಳ ಅಟ್ಟ, ಇಗರ್ಜಿಯ ಗೋಪುರ, ಮುಚ್ಚಿದ ಅಕ್ಕಿ ಗಿರಣಿ ಇವು ಕಣಜ ಗೂಬೆಗೆ ಮೆಚ್ಚಿನ ಜಾಗಗಳು, ಅಲ್ಲಿ ಅದು ತಿನ್ನುವುದು ಮುಖ್ಯವಾಗಿ ಇಲಿಗಳನ್ನು. ಪೆಟ್ಟಾಗದ ಗೂಬೆಯಾದರೆ ದೀಪ ಆರಿಸಿ, ಒಂದು ಕಿಟಕಿ ತೆರೆದಿಟ್ಟು, ಕೋಣೆಯಿಂದ ಹೊರಗೆ ಬನ್ನಿ, ಕತ್ತಲಾದ ಮೇಲೆ ತಾನಾಗಿ ಹೋಗುತ್ತದೆ. ಹಿರಿಯರೊಂದಿಗೆ ವಾದ ಮಾಡುವ ಬದಲು ಲಕ್ಷ್ಮಿಯ ವಾಹನ ಯಾವುದೆಂದು ನೆನಪಿಸಿದರೆ ಕೆಲಸ ಬೇಗ ಆಗುತ್ತದೆಂಬುದು ನಮ್ಮ ಅನುಭವ.

ಗಾಳಿಗೆ ತೆಂಗಿನ ಮರದಿಂದ ಗರುಡನ ಮರಿ ಕೆಳಗೆ ಬಿದ್ದಿದೆ. ನಾವು ಮುಟ್ಟಿದರೆ ತಾಯಿ ಸೇರಿಸುವುದಿಲ್ಲವಂತೆ, ಹೌದಾ?

ಅಲ್ಲ. ಮನುಷ್ಯರು ಮುಟ್ಟಿದರೆಂದು ಇವು ಮರಿಯನ್ನು ಬಿಟ್ಟುಬಿಡುವುದಿಲ್ಲ. ಗಾಯವಿಲ್ಲದ ಮರಿಗೆ ನಾವು ಮಾಡಬಹುದಾದ ಅತಿ ದೊಡ್ಡ ಸಹಾಯವೆಂದರೆ ಅದನ್ನು ಅಪ್ಪ ಅಮ್ಮನ ವಶಕ್ಕೆ ಮರಳಿಸುವುದು. ಮರ ಹತ್ತುವವರನ್ನು ಕರೆದು ಗೂಡಿಗೇ ಇಡಿಸಬಹುದು. ಗೂಡು ಉಳಿದಿಲ್ಲದಿದ್ದರೆ ತೂತುಗಳಿರುವ ಬೆತ್ತದ ಬುಟ್ಟಿಗೆ ಕಡ್ಡಿ ಹಾಸಿ ಅದೇ ಮರಕ್ಕೋ ಪಕ್ಕದ ಮರಕ್ಕೋ ಎತ್ತರದಲ್ಲಿ ಕಟ್ಟಿದರೂ ಸಾಕು, ದೊಡ್ಡ ಹಕ್ಕಿಗಳು ಅಲ್ಲಿಗೇ ಆಹಾರ ತರುತ್ತವೆ. ಸಂಜೆಯೊಳಗೆ ಅವು ಬಂದವೇ ಎಂದು ದೂರದಿಂದ ನೋಡಬೇಕು. ರೆಕ್ಕೆ ಪೂರ್ತಿ ಬಲಿತು ಕೊಂಬೆಯಿಂದ ಕೊಂಬೆಗೆ ಹಾರಲು ಕಲಿಯುತ್ತಿರುವ ಮರಿ ನೆಲಕ್ಕೆ ಇಳಿದಿದ್ದರೆ ಎತ್ತರದ ಕೊಂಬೆಯ ಮೇಲೆ ಕೂರಿಸಿ ಬಂದರಾಯಿತು.

ಮರಿಯನ್ನು ಮನೆಯಲ್ಲಿ ಕೈತುತ್ತು ಕೊಟ್ಟು ಸಾಕಿದರೆ ಅದು ಮನುಷ್ಯರನ್ನೇ ತನ್ನ ಬಳಗವೆಂದು ತಿಳಿಯುತ್ತದೆ. ಅಂಥ ಹಕ್ಕಿ ದೊಡ್ಡದಾದ ಮೇಲೆ ಹಸಿದಾಗ ಯಾರದೋ ತಲೆಯ ಮೇಲೆ ಬಂದಿಳಿಯುತ್ತದೆ, ಜನ ಹೆದರಿ ಹೊಡೆಯುತ್ತಾರೆ. ಈ ದೋಷವನ್ನು ಆಮೇಲೆ ಸರಿಪಡಿಸುವುದು ಬಹುಮಟ್ಟಿಗೆ ಅಸಾಧ್ಯ. ಹಾಗಾಗಿ ಅನಾಥ ಮರಿಗಳಿಗೆ ಮುಖ ಮುಚ್ಚಿಕೊಂಡು, ಮಾತಾಡದೆ, ಸಾಧ್ಯವಾದಷ್ಟು ಅದೇ ಜಾತಿಯ ಬೇರೆ ಹಕ್ಕಿಗಳ ಜೊತೆಯಲ್ಲಿಟ್ಟು ಆಹಾರ ಕೊಡುತ್ತಾರೆ.

## ಗಾಯ ಮತ್ತು ಚಿಕಿತ್ಸೆ

ನಮ್ಮ ಕಡೆ ಇವಕ್ಕೆ ಪೆಟ್ಟಾಗುವುದು ಹೆಚ್ಚಾಗಿ ಎಂತದರಿಂದ?

ಗಾಳಿಪಟದ ಮಾಂಜಾ ದಾರವೇ ಎಲ್ಲರ ಬಾಯಲ್ಲಿರುವ ಉತ್ತರ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ನೈಲಾನ್ ಮತ್ತಿತರ ಕೃತಕ ಮಾಂಜಾವನ್ನು ದೇಶದಾದ್ಯಂತ ನಿಷೇಧಿಸಿತು. ಆದರೆ ಕರಾವಳಿಯಲ್ಲಿ ಅದರಷ್ಟೇ ಯೋಚಿಸಬೇಕಾದದ್ದು ಮೀನು ಹಿಡಿಯುವ ತಂಗೂಸು, ಅಂದರೆ ನೈಲಾನ್ ದಾರ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆ ಇಲ್ಲೆಲ್ಲ ಹದ್ದು ಗರುಡಗಳು ಮೀನಿನ ತ್ಯಾಜ್ಯಕ್ಕೆ ಇಳಿಯುತ್ತವೆ. ಬಿಸಾಡಿದ ಬಲೆಯ ತುಂಡು, ಗಾಳ ಸಮೇತದ ದಾರ ಕಾಲಿಗೆ ಸುತ್ತಿಕೊಳ್ಳುತ್ತದೆ. ಹಾರಿ ಮರಕ್ಕೆ ಹೋದಾಗ ದಾರದ ಇನ್ನೊಂದು ತುದಿ ಕೊಂಬೆಗೆ ಸಿಕ್ಕಿ ಹಕ್ಕಿ ತಲೆಕೆಳಗಾಗಿ ನೇತಾಡುತ್ತದೆ. ಅಂಥ ಹಕ್ಕಿಯನ್ನು ಇಳಿಸುವಾಗ ದಾರವನ್ನು ಎಳೆಯದೆ, ಮೈಯಿಂದ ಒಂದು ಗೇಣು ದೂರದಲ್ಲಿ ಕತ್ತರಿಸಿ, ಮಾಂಸದೊಳಗೆ ಹೊಕ್ಕ ಭಾಗವನ್ನು ಹಾಗೆಯೇ ಬಿಟ್ಟು ವೈದ್ಯರಲ್ಲಿಗೆ ಒಯ್ಯಬೇಕು.

ದಾರ ಹೆಚ್ಚಾಗಿ ಕೊಯ್ಯುವುದು ಭುಜದಿಂದ ಮಣಿಕಟ್ಟಿನವರೆಗೆ ರೆಕ್ಕೆಯ ಮುಂಬದಿಯಲ್ಲಿ ಚಾಚಿಕೊಂಡಿರುವ ತೆಳು ಚರ್ಮವನ್ನು. ಗರಿ ಸರಿಸಿ ನೋಡಿದರೆ ಬ್ಲೇಡು ಎಳೆದಂಥ ಒಂದು ಗೆರೆ, ಅಂಚಿನಲ್ಲಿ ಒಣಗಿದ ನೆತ್ತರು, ಅಷ್ಟೆ. ಆದರೆ ಆ ಚರ್ಮದ ಅಂಚಿನಲ್ಲೇ ರೆಕ್ಕೆಯನ್ನು ಬಿಗಿಯಾಗಿಡುವ ಸ್ನಾಯುರಜ್ಜು ಹಾದುಹೋಗುತ್ತದೆ. ಚರ್ಮ ಮಾತ್ರ ಹರಿದಿದ್ದರೆ ಹೊಲಿಗೆ ಹಾಕಿದ ಮೇಲೆ ಹಕ್ಕಿ ಮತ್ತೆ ಹಾರುತ್ತದೆ. ರಜ್ಜು ತುಂಡಾಗಿದ್ದರೆ ಮೇಲ್ನೋಟಕ್ಕೆ ಅಷ್ಟೇ ಚಿಕ್ಕದಾಗಿ ಕಾಣುವ ಗಾಯವೂ ಅದನ್ನು ನೆಲಕ್ಕೆ ಕಟ್ಟಿಹಾಕಬಲ್ಲದು.

ಉಳಿದವುಗಳಲ್ಲಿ ವಿದ್ಯುತ್ ಆಘಾತ ಮೋಸದ್ದು. ಮೊದಲ ದಿನ ಕಾಲಿನಲ್ಲಿ ಸಣ್ಣ ಸುಟ್ಟ ಕಲೆ ಬಿಟ್ಟರೆ ಏನೂ ಕಾಣದೆ, ಕೆಲವು ದಿನಗಳ ಮೇಲೆ ರಕ್ತಸಂಚಾರ ನಿಂತ ಬೆರಳುಗಳು, ರೆಕ್ಕೆಯ ತುದಿ ಕಪ್ಪಾಗಿ ಒಣಗತೊಡಗುತ್ತವೆ. ತಂತಿಯಲ್ಲೇ ಸಿಕ್ಕಿಕೊಂಡ ಹಕ್ಕಿಯನ್ನು ದೋಟಿಯಿಂದ ಬಿಡಿಸಲು ಹೋಗದೆ ಮೆಸ್ಕಾಂಗೆ ತಿಳಿಸಿ. ರಾಷ್ಟ್ರೀಯ ಹೆದ್ದಾರಿ 66ರಂಥ ರಸ್ತೆಗಳಲ್ಲಿ ರಾತ್ರಿ ವಾಹನ ಬಡಿದ ಗೂಬೆಗಳಿಗೆ ತಲೆ ಮತ್ತು ಕಣ್ಣಿನ ಪೆಟ್ಟು ಹೆಚ್ಚು. ಇಲಿ ಪಾಷಾಣ ತಿಂದ ಇಲಿಯನ್ನು ತಿಂದ ಗೂಬೆಯೂ ವಿಷಕ್ಕೆ ಬಲಿಯಾಗಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೊಮಾಡಿಯೋಲೋನ್ ಜಾತಿಯ ವಿಷವಾದರೆ ವಿಟಮಿನ್ ಕೆ1ರಿಂದ ಚಿಕಿತ್ಸೆಯಿದೆ, ಜಿಂಕ್ ಫಾಸ್ಫೈಡಿಗೆ ಹಾಗೆ ಪ್ರತ್ಯೌಷಧವಿಲ್ಲ.

ರೆಕ್ಕೆಯ ಮೂಳೆ ಮುರಿದರೆ ಪುನಃ ಹಾರುತ್ತದಾ?

ಯಾವ ಮೂಳೆ, ಎಲ್ಲಿ ಮುರಿದಿದೆ, ಎಷ್ಟು ಹೊತ್ತಾಗಿದೆ ಎಂಬುದರ ಮೇಲಿದೆ. ಮುಂಗೈಯ ಎರಡು ಮೂಳೆಗಳಲ್ಲಿ ಒಂದೇ ಮುರಿದಿದ್ದರೆ ಇನ್ನೊಂದು ತಾನೇ ಆಧಾರ ಕೊಡುತ್ತದೆ. ರೆಕ್ಕೆಯನ್ನು ಮಡಚಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಕಟ್ಟು ಹಾಕಿದರೆ ಎಷ್ಟೋ ಸಲ ಸಾಕಾಗುತ್ತದೆ. ತೋಳಿನ ಮೂಳೆ ಮುರಿದರೆ ಕಟ್ಟು ಸಾಲದು, ಶಸ್ತ್ರಚಿಕಿತ್ಸೆಯೇ ಬೇಕು. ಮೂಳೆಯ ಒಳಗೊಂದು ಸರಳನ್ನೂ ಹೊರಗೊಂದು ಚೌಕಟ್ಟನ್ನೂ ಹಾಕಿ ಎರಡನ್ನೂ ಬೆಸೆಯುವ ವಿಧಾನ ಇಂದು ಬಹಳ ಕಡೆ ಬಳಕೆಯಲ್ಲಿದೆ. ಅದನ್ನು ಬೇಟೆ ಹಕ್ಕಿಗಳಿಗೆ ಹೊಂದಿಸಿ ಬೆಳೆಸಿದವರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1974ರಲ್ಲಿ ಆರಂಭವಾದ ರ‍್ಯಾಪ್ಟರ್ ಸೆಂಟರಿನ ಪ್ಯಾಟ್ರಿಕ್ ರೆಡಿಗ್ ಪ್ರಮುಖರು. ಕೀಲಿಗೆ ಅಂಟಿಕೊಂಡಂತೆ ಮುರಿದಿದ್ದರೆ, ಮೂಳೆ ಚರ್ಮದಿಂದ ಹೊರಬಂದು ಒಣಗಿ ಬಣ್ಣಗೆಟ್ಟಿದ್ದರೆ ಹಾರುವ ಆಸೆ ಕಡಿಮೆ.

ಹಕ್ಕಿಯ ಮೂಳೆ ನಮ್ಮದಕ್ಕಿಂತ ಬೇಗ, ಸುಮಾರು ಮೂರು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ತೊಂದರೆ ಬರುವುದು ಕಟ್ಟು ಬಿಗಿದು ಹಾಗೆಯೇ ಬಿಟ್ಟಾಗ. ಮಡಚಿಕೊಂಡೇ ಇದ್ದ ರೆಕ್ಕೆಯ ಚರ್ಮ ಕುಗ್ಗಿ, ಕೀಲು ಗಟ್ಟಿಯಾಗಿ, ಮೂಳೆ ಕೂಡಿದರೂ ರೆಕ್ಕೆ ಪೂರ್ತಿ ಬಿಚ್ಚುವುದಿಲ್ಲ. ಆದ್ದರಿಂದ ಕೆಲವು ದಿನಗಳಿಗೊಮ್ಮೆ ಅರಿವಳಿಕೆ ಕೊಟ್ಟು ರೆಕ್ಕೆಯನ್ನು ನಿಧಾನವಾಗಿ ಚಾಚಿ ಮಡಚುವ ವ್ಯಾಯಾಮ ಮಾಡಿಸಬೇಕಾಗುತ್ತದೆ. ಮನೆಯಲ್ಲೇ ಐಸ್‌ಕ್ರೀಮ್ ಕಡ್ಡಿ ಕಟ್ಟಿ ತಿಂಗಳುಗಟ್ಟಲೆ ಇಟ್ಟುಕೊಂಡು ತಂದ ಹಕ್ಕಿಗಳನ್ನು ನೋಡಿದಾಗ, ಪ್ರೀತಿ ಸ್ವಲ್ಪ ಕಡಿಮೆಯಿದ್ದಿದ್ದರೆ ಬೇಗ ತರುತ್ತಿದ್ದರೇನೋ ಅನ್ನಿಸುತ್ತದೆ.

ನಾಯಿಗೆ ತಂದ ನೋವಿನ ಔಷಧ ಮನೆಯಲ್ಲಿದೆ, ಸ್ವಲ್ಪ ಕೊಡಬಹುದಾ?

ಕೂಡದು. ನೋವುನಿವಾರಕ ಡೈಕ್ಲೋಫೆನಾಕ್ ಕೊಟ್ಟ ಜಾನುವಾರುಗಳ ಹೆಣ ತಿಂದು ಮೂತ್ರಪಿಂಡ ಕೆಟ್ಟು ರಣಹದ್ದುಗಳು ನಿರ್ನಾಮವಾಗುತ್ತ ಬಂದದ್ದರಿಂದಲೇ 2006ರಲ್ಲಿ ಭಾರತ ಸರ್ಕಾರ ಆ ಔಷಧದ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ಹಕ್ಕಿಗಳಿಗೆ ವೈದ್ಯರು ಸಾಮಾನ್ಯವಾಗಿ ಬಳಸುವುದು ಮೆಲಾಕ್ಸಿಕಾಮ್. ಅದನ್ನೂ ತೂಕ ನೋಡಿ, ಹಕ್ಕಿಯ ಮೈಯಲ್ಲಿ ನೀರಿನಂಶ ಸರಿಹೋದ ಮೇಲೆಯೇ ಕೊಡುತ್ತಾರೆ.

ಗರುಡನಿಗೆ ದಿನಾ ಬೂತಾಯಿ ಹಾಕಿದರೆ ಸಾಕಲ್ಲ, ಅದರ ಊಟವೇ ಮೀನು ತಾನೆ?

ತಾಜಾ ಮೀನು ಒಳ್ಳೆಯದೇ, ಆದರೆ ಅದೊಂದೇ ಸಾಲದು. ಬೂತಾಯಿಯ ವರ್ಗದ ಹಲವು ಮೀನುಗಳಲ್ಲಿ ವಿಟಮಿನ್ ಬಿ1 ಅನ್ನು ಒಡೆದುಹಾಕುವ ಕಿಣ್ವವಿದೆ, ಐಸಿನಲ್ಲಿಟ್ಟ ಮೀನಿನಲ್ಲಿ ಆ ವಿಟಮಿನ್ ಇನ್ನೂ ಕಡಿಮೆಯಾಗುತ್ತದೆ. ವಾರಗಟ್ಟಲೆ ಇದನ್ನೇ ತಿಂದ ಹಕ್ಕಿ ನಡುಗುತ್ತ, ತಲೆಯನ್ನು ಬೆನ್ನಿನ ಕಡೆಗೆ ತಿರುಚುತ್ತ, ಕೊನೆಗೆ ಫಿಟ್ಸ್ ಬಂದು ಬೀಳಬಹುದು. ಒಂದು ಕಿಲೋ ಮೀನಿಗೆ 25ರಿಂದ 30 ಮಿಲಿಗ್ರಾಮ್ ಲೆಕ್ಕದಲ್ಲಿ ಬಿ1 ಸೇರಿಸುವುದು ರೂಢಿ. ಇನ್ನೊಂದು ತಪ್ಪು ಬೋನ್‌ಲೆಸ್ ಕೋಳಿ. ಕಾಡಿನಲ್ಲಿ ಬೇಟೆಯನ್ನು ಮೂಳೆ, ಗರಿ, ಚರ್ಮ ಸಮೇತ ನುಂಗುವ ಹಕ್ಕಿಗೆ ಬರೀ ಮಾಂಸ ಹಾಕಿದರೆ ಸುಣ್ಣದಂಶ ಸಿಗುವುದಿಲ್ಲ. ಬೆಳೆಯುವ ಮರಿಗಳಲ್ಲಂತೂ ಕಾಲಿನ ಮೂಳೆಗಳು ಬಿಲ್ಲಿನಂತೆ ಬಾಗಿ, ಕೂತಲ್ಲೇ ಮುರಿಯುತ್ತವೆ. ಗೂಬೆಗಳಿಗೆ ಇಡೀ ಇಲಿಯೇ ಸರಿಯಾದ ಊಟ, ಜೀರ್ಣವಾಗದ ಕೂದಲು ಮೂಳೆಗಳನ್ನು ಅವು ಉಂಡೆ ಕಟ್ಟಿ ಬಾಯಿಂದ ಹೊರಹಾಕುತ್ತವೆ. ಅದನ್ನು ಕಂಡು ವಾಂತಿಯಾಯಿತೆಂದು ಗಾಬರಿಯಾಗಬಾರದು.

## ಬಿಡುಗಡೆಯ ತಯಾರಿ

ಗಾಯ ಒಣಗಿ ತಿಂಗಳಾಯಿತು. ಇನ್ನೂ ಯಾಕೆ ಬಿಡುವುದಿಲ್ಲ?

ಗಾಯ ಮಾಯುವುದು ಅರ್ಧ ಕೆಲಸ ಮಾತ್ರ. ಗೂಡಿನಲ್ಲಿ ಕೂತ ಹಕ್ಕಿಯ ಎದೆಯ ಸ್ನಾಯು ಕರಗಿರುತ್ತದೆ. ಹಾಗೆಯೇ ಬಿಟ್ಟರೆ ನೂರಿನ್ನೂರು ಮೀಟರು ಹಾರಿ ಕಣ್ಮರೆಯಾಗುತ್ತದೆ, ನೋಡಿದವರು ಚಪ್ಪಾಳೆ ತಟ್ಟುತ್ತಾರೆ, ಹಕ್ಕಿ ಕೆಲವೇ ದಿನಗಳಲ್ಲಿ ಹಸಿವಿನಿಂದ ಸಾಯುತ್ತದೆ. ಅದಕ್ಕಾಗಿ ಉದ್ದನೆಯ ಹಾರಾಟದ ಗೂಡಿನಲ್ಲಿ ಎರಡೂ ತುದಿಗೆ ಎತ್ತರದಲ್ಲಿ ಕೂರುವ ಕೋಲುಗಳನ್ನಿಟ್ಟು ದಿನವೂ ಹಾರಿಸುತ್ತಾರೆ. ಅಥವಾ ಕಾಲಿಗೆ ಹಗುರವಾದ ಉದ್ದ ದಾರ ಕಟ್ಟಿ ಬಯಲಿನಲ್ಲಿ ಹಾರಿಸಿ ದೂರವನ್ನು ದಿನದಿನಕ್ಕೆ ಹೆಚ್ಚಿಸುತ್ತಾರೆ. ಹಾರಿಬಂದು ಕೂತ ಮೇಲೆ ಎಷ್ಟು ಹೊತ್ತು ಬಾಯಿ ತೆರೆದು ಏದುಸಿರು ಬಿಡುತ್ತದೆ ಎಂಬುದೇ ಇಲ್ಲಿ ಒಳ್ಳೆಯ ಅಳತೆ.

ಕಾಲುಗಳನ್ನೂ ನೋಡಬೇಕು. ನುಣುಪಾದ ಒಂದೇ ದಪ್ಪದ ಪೈಪಿನ ಮೇಲೆ ತಿಂಗಳುಗಟ್ಟಲೆ ಕೂತ ಹಕ್ಕಿಯ ಅಂಗಾಲು ಊದಿ ಕೀವುಗಟ್ಟುತ್ತದೆ. ಬೇರೆ ಬೇರೆ ದಪ್ಪದ ಕೊಂಬೆಗಳಿಗೆ ನಮ್ಮಲ್ಲಿ ಧಾರಾಳವಾಗಿ ಸಿಗುವ ತೆಂಗಿನ ನಾರಿನ ಹುರಿಹಗ್ಗ ಸುತ್ತುವುದು ಅಗ್ಗವೂ ಹೌದು, ಒಳ್ಳೆಯದೂ ಹೌದು. ಮಳೆಗಾಲದಲ್ಲಿ ಹುರಿ ಬೂಸ್ಟು ಹಿಡಿದರೆ ಕೂಡಲೇ ಬದಲಿಸಬೇಕು, ಏಕೆಂದರೆ ಆಸ್ಪರ್ಜಿಲ್ಲಸ್ ಎಂಬ ಶಿಲೀಂಧ್ರ ಗಾಳಿಚೀಲಗಳಲ್ಲಿ ಬೆಳೆದು ಹಕ್ಕಿಯನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಹುಲ್ಲು ಹಾಸುವುದು ಬೇಡವೆನ್ನುವುದೂ ಅದಕ್ಕೇ.

ಗೂಬೆಗೆ ಪರೀಕ್ಷೆ ಬೇರೆ. ಅದು ಕತ್ತಲಲ್ಲಿ ಸದ್ದಿನಿಂದಲೇ ಇಲಿಯನ್ನು ಹಿಡಿಯಬಲ್ಲದು, ಆದ್ದರಿಂದ ಒಂದು ಕಣ್ಣು ಹೋದ ಗೂಬೆಯೂ ಕೆಲವೊಮ್ಮೆ ಬೇಟೆಯಲ್ಲಿ ಪಾಸಾಗುತ್ತದೆ. ಶಿಕ್ರದಂಥ ಕಣ್ಣನ್ನೇ ನಂಬಿದ ಹಕ್ಕಿಗೆ ಆ ರಿಯಾಯಿತಿ ಇಲ್ಲ.

ರೆಕ್ಕೆಯ ಗರಿಗಳೆಲ್ಲ ಮುರಿದಿವೆ. ಹೊಸತು ಬರುವವರೆಗೆ ವರ್ಷ ಕಾಯಬೇಕಾ?

ಬುಡಸಮೇತ ಕಿತ್ತುಹೋದ ಗರಿ ಸಾಮಾನ್ಯವಾಗಿ ಬೇಗ ಮತ್ತೆ ಹುಟ್ಟುತ್ತದೆ. ಮಧ್ಯದಲ್ಲಿ ಮುರಿದ ಗರಿ ಮುಂದಿನ ಸಲ ಉದುರುವವರೆಗೂ ಹಾಗೆಯೇ ಇರುತ್ತದೆ. ಅಷ್ಟು ಕಾಲ ಕಾಯದಿರಲು ಗರಿಗೆ ಗರಿ ಕೂಡಿಸುವ ಹಳೆಯ ವಿದ್ಯೆಯೊಂದಿದೆ, ಹದ್ದು ಗಿಡುಗಗಳಿಂದ ಬೇಟೆಯಾಡಿಸುತ್ತಿದ್ದವರ ಕಾಲದ್ದು. ಅದೇ ಜಾತಿಯ ಸತ್ತ ಹಕ್ಕಿಯದೋ ಉದುರಿಸಿದ್ದೋ ಆದ ಗರಿಗಳನ್ನು ಆರಿಸುವಾಗ ಎಡಕ್ಕೆ ಎಡದ್ದು, ಬಲಕ್ಕೆ ಬಲದ್ದು, ಮೂರನೆಯದಕ್ಕೆ ಮೂರನೆಯದೇ ಆಗಬೇಕು. ಹಕ್ಕಿಗೆ ಅರಿವಳಿಕೆ ಕೊಟ್ಟು, ಮುರಿದ ಗರಿಯ ಟೊಳ್ಳು ದಂಟನ್ನು ಚರ್ಮದಿಂದ ಸ್ವಲ್ಪ ಮೇಲೆ ನೇರವಾಗಿ ಕತ್ತರಿಸಿ, ತೆಳ್ಳಗೆ ಸೀಳಿ ನಯಗೊಳಿಸಿದ ಬಿದಿರಿನ ಕಡ್ಡಿಯನ್ನು ಅದರೊಳಗೆ ಅಂಟಿನ ಸಮೇತ ಕೂರಿಸಿ, ಕಡ್ಡಿಯ ಇನ್ನೊಂದು ತುದಿಗೆ ಹೊಸ ಗರಿಯನ್ನು ತೊಡಿಸುತ್ತಾರೆ. ಅಂಟು ಒಣಗುವವರೆಗೆ ಪಕ್ಕದ ಗರಿಗೆ ತಾಗದಂತೆ ನಡುವೆ ಕಾಗದ ಇಡಬೇಕು, ಗರಿ ಒಂದೆರಡು ಡಿಗ್ರಿ ತಿರುಗಿದ್ದರೂ ಹಾರುವಾಗ ಗಾಳಿಯನ್ನು ತಪ್ಪಾಗಿ ಕತ್ತರಿಸುತ್ತದೆ. ದಂಟಿನಲ್ಲಿ ನರಗಳಿಲ್ಲದ ಕಾರಣ ನೋವಿಲ್ಲ. ಸ್ವಂತ ಗರಿ ಹುಟ್ಟುವ ಕಾಲ ಬಂದಾಗ ಕೂಡಿಸಿದ್ದು ತಾನಾಗಿ ಉದುರಿಹೋಗುತ್ತದೆ.

ಎಲ್ಲಿ ಬಿಡಬೇಕು? ಮಳೆಗಾಲದಲ್ಲಿ ಬಿಡಬಹುದಾ?

ಬೆಳೆದ ಹಕ್ಕಿಯನ್ನು ಸಿಕ್ಕಿದ ಜಾಗದ ಹತ್ತಿರವೇ ಬಿಡುವುದು ಸರಿ. ಅದಕ್ಕೆ ಅಲ್ಲಿನ ಮರ, ನೀರು, ಜಗಳಗಂಟ ನೆರೆಹೊರೆ ಎಲ್ಲ ಗೊತ್ತು. ಮಲ್ಪೆಯ ಗರುಡವನ್ನು ‘ಒಳ್ಳೆಯ ಕಾಡು’ ಎಂದು ಕುದುರೆಮುಖದಲ್ಲಿ ಬಿಟ್ಟರೆ ಅದಕ್ಕೆ ಉಪಕಾರವಾಗುವುದಿಲ್ಲ. ಹದ್ದುಗಳನ್ನು ಬೆಳಗ್ಗೆ, ಗೂಬೆಗಳನ್ನು ಮುಸ್ಸಂಜೆಗೆ ಬಿಡಬೇಕು.

ಜೂನ್ ಜುಲೈಯ ಜಡಿಮಳೆಯಲ್ಲಿ ಬಿಡದಿರುವುದು ಲೇಸು. ಗರಿ ತೊಯ್ದರೆ ಹಾರಾಟ ಭಾರವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರಿನಲ್ಲಿ ಸುಲಭದ ಮೀನೂ ಸಿಗುವುದಿಲ್ಲ. ಮಳೆ ಬಿಡುವು ಕೊಟ್ಟ ಆಗಸ್ಟ್ ಕೊನೆಯವರೆಗೆ ಇಟ್ಟುಕೊಂಡರೆ ನಷ್ಟವಿಲ್ಲ. ಚಳಿಗಾಲಕ್ಕೆ ಬರುವ ಮೀನು ಡೇಗೆಯಂಥ ವಲಸೆ ಹಕ್ಕಿಯ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಅದರ ಬಳಗ ಉತ್ತರಕ್ಕೆ ಹೊರಡುವ ಮೊದಲೇ ಬಿಡಬೇಕು, ತಪ್ಪಿದರೆ ಮುಂದಿನ ಹಂಗಾಮಿನವರೆಗೆ ಸಾಕಬೇಕಾಗುತ್ತದೆ.

ಇನ್ನು ಹಾರಲಿಕ್ಕೇ ಆಗದು ಎಂದಾದರೆ ಅದರ ಗತಿ?

ಒಂದು ರೆಕ್ಕೆಯಿಲ್ಲದಿದ್ದರೂ ಹೇಗೋ ಬದುಕಲಿ ಎಂಬ ಮಾತು ಕೇಳಲಿಕ್ಕೆ ಹಿತವಾಗಿದೆ. ಆದರೆ ಶಾಂತ ಸ್ವಭಾವದ ಮುದಿ ಗೂಬೆಯೊಂದು ಗೂಡಿನಲ್ಲಿ ಹೊಂದಿಕೊಂಡೀತು, ದಿನವಿಡೀ ಜಾಲರಿಗೆ ಬಡಿದುಕೊಂಡು ಮೂಗು ಒಡೆದುಕೊಳ್ಳುವ ಎಳೆಯ ಕಡಲ ಹದ್ದು ಹೊಂದಿಕೊಳ್ಳುವುದಿಲ್ಲ. ಹೊಂದಿಕೊಳ್ಳುವವನ್ನು ಮಾನ್ಯತೆ ಪಡೆದ ಮೃಗಾಲಯದಲ್ಲೋ ರಕ್ಷಣಾ ಕೇಂದ್ರದಲ್ಲೋ ಇಡಬಹುದು. ಅನಾಥ ಮರಿಗಳಿಗೆ ಅವು ಸಾಕುತಾಯಿಯಾಗುವುದೂ ಉಂಟು. ಉಳಿದವಕ್ಕೆ ನೋವಿಲ್ಲದ ಸಾವು ಕೊಡುವುದನ್ನು ನಾವು ಸೋಲೆಂದು ತಿಳಿಯುವುದಿಲ್ಲ. ಅದನ್ನು ಯಾರೋ ಒಬ್ಬರು ತೀರ್ಮಾನಿಸುವಂತಿಲ್ಲ: ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹೆಚ್ಚಿನ ರಕ್ಷಣೆಯಿರುವ ಜೀವಿಗಳ ಪಟ್ಟಿಯಾದ ಅನುಸೂಚಿ ಒಂದರಲ್ಲಿರುವ ಪ್ರಾಣಿ ಚೇತರಿಸಲಾರದಷ್ಟು ಊನವಾಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು.

ಬಿಟ್ಟ ಹಕ್ಕಿ ಬದುಕಿದೆ ಎಂದು ಹೇಗೆ ಗೊತ್ತಾಗುತ್ತದೆ?

ಹೆಚ್ಚಿನ ಸಲ ಗೊತ್ತಾಗುವುದಿಲ್ಲ. ಅನುಮತಿಯಿದ್ದವರು ಕಾಲಿಗೆ ಸಂಖ್ಯೆಯಿರುವ ಉಂಗುರ ತೊಡಿಸುತ್ತಾರೆ, ಆದರೆ ಉಂಗುರ ಹಾಕಿದ ಹಕ್ಕಿ ಇನ್ನೊಬ್ಬರ ಕೈಗೆ ಸಿಕ್ಕಿ ಅವರು ವರದಿ ಮಾಡಿದರೆ ಮಾತ್ರ ಅದರಿಂದ ಪ್ರಯೋಜನ. ಉಪಗ್ರಹ ಟ್ರಾನ್ಸ್‌ಮಿಟರ್ ದುಬಾರಿ, ಅದರ ತೂಕ ಹಕ್ಕಿಯ ತೂಕದ ಶೇಕಡ 3ನ್ನು ಮೀರಬಾರದೆಂಬುದು ರೂಢಿಯ ನಿಯಮವಾದ್ದರಿಂದ ಅರ್ಧ ಕಿಲೋದ ಗರುಡಕ್ಕೆ 15 ಗ್ರಾಮಿನೊಳಗಿನದೇ ಬೇಕು. ಹಾಗಾಗಿ ನಮ್ಮ ಕಡೆ ಹೆಚ್ಚು ಉಪಯೋಗಕ್ಕೆ ಬರುವುದು ಮೆಲ್ಲನೆ ಬಿಡುವ ಕ್ರಮ: ಗೂಡಿನ ಬಾಗಿಲು ತೆರೆದಿಟ್ಟು, ಹತ್ತಿರದ ಎತ್ತರದ ಹಲಗೆಯ ಮೇಲೆ ಕೆಲವು ವಾರ ಆಹಾರ ಇಡುವುದು. ಹಕ್ಕಿ ಮೊದಲು ದಿನವೂ ಬರುತ್ತದೆ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಇಟ್ಟ ಮೀನು ಕಾಗೆಯ ಪಾಲಾಗುತ್ತದೆ. ಒಂದು ವಾರ ಪೂರ್ತಿ ಕಾಗೆಗಳೇ ತಿಂದವೆಂದು ಖಾತ್ರಿಯಾದ ಮೇಲೆ ಮೀನು ಇಡುವುದನ್ನು ನಿಲ್ಲಿಸುತ್ತಾರೆ.